ಮಾರ್ಕೋನಿಯ ಗುಟ್ಟು ಬಯಲು ಮಾಡಿದ ಜಾದೂಗಾರ

2019ರ ಡಿಸೆಂಬರ್ 26ರ ಬೆಳಗ್ಗೆ ನಮ್ಮ ಕಾಸರಗೋಡಿನ ಆಕಾಶದಲ್ಲಿ ಸೂರ್ಯ ಬಳೆಯಂತೆ ಕಾಣಿಸಿಕೊಂಡದ್ದನ್ನು ವಾಚಕರು ಮರೆತಿರಲಾರರು. ಚೆರುವತ್ತೂರಿಗೆ ದೂರ ದೂರದ ಜನ ಬಂದಿದ್ದರು. ಶಾಲೆಗೆ ಕ್ರಿಸ್ಮಸ್ ರಜೆಯಿದ್ದರೂ ಮಕ್ಕಳು ಗ್ರಹಣ ನೋಡುವ ಕನ್ನಡಕ ಹಿಡಿದು ಮೈದಾನದಲ್ಲಿ ಸೇರಿದ್ದರು. ಗ್ರಹಣ ಬಿಟ್ಟ ಮೇಲೆ ಅವರಿಗೆ ಹೇಳಲೊಂದು ವಿಷಯ ಬೇಕೆಂದು ಹುಡುಕಿದಾಗ ನನಗೆ ಸಿಕ್ಕಿದ ಹೆಸರು ನೆವಿಲ್ ಮಾಸ್ಕೆಲಿನ್. ಸೂರ್ಯಗ್ರಹಣದ ಚಲನಚಿತ್ರಗಳಲ್ಲಿ ಇಂದು ಉಳಿದಿರುವ ಅತ್ಯಂತ ಹಳೆಯದನ್ನು ತೆಗೆದವನು ಈತ. ವೃತ್ತಿಯಿಂದ ಲಂಡನ್ನಿನ ಪ್ರಸಿದ್ಧ ಜಾದೂಗಾರ. ಇದಕ್ಕಿಂತಲೂ ಸೋಜಿಗವೆಂದರೆ, ನಾವು ಇಂದು ಹ್ಯಾಕಿಂಗ್ ಎಂದು ಕರೆಯುವ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಅನೇಕರು ಮೊದಲ ಪುಟದಲ್ಲಿ ಇದೇ ಮನುಷ್ಯನನ್ನು ಕೂರಿಸುತ್ತಾರೆ. ಕಂಪ್ಯೂಟರ್ ಎಂಬ ಯಂತ್ರ ಹುಟ್ಟುವುದಕ್ಕೆ ನಾಲ್ಕು ದಶಕ ಮೊದಲೇ ಈತ ಆ ಕೆಲಸ ಮಾಡಿ ಮುಗಿಸಿದ್ದ.

ನೆವಿಲ್ ಹುಟ್ಟಿದ್ದು 1863ರಲ್ಲಿ. ತಂದೆ ಜಾನ್ ನೆವಿಲ್ ಮಾಸ್ಕೆಲಿನ್ ಚೆಲ್ಟೆನ್‌ಹ್ಯಾಮ್ ಎಂಬ ಊರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನು. 1865ರಲ್ಲಿ ಆ ಊರಿಗೆ ಅಮೇರಿಕದ ಡೆವನ್‌ಪೋರ್ಟ್ ಸಹೋದರರು ಬಂದರು. ಕೈಕಾಲು ಕಟ್ಟಿಸಿಕೊಂಡು ಕಪಾಟಿನೊಳಗೆ ಕೂರುವುದು, ಬಾಗಿಲು ಮುಚ್ಚಿದೊಡನೆ ಒಳಗಿನಿಂದ ವಾದ್ಯಗಳು ನುಡಿಯುವುದು, ಅದು ಪ್ರೇತಗಳ ಕೆಲಸವೆಂದು ಜನರನ್ನು ನಂಬಿಸುವುದು, ಇದು ಅವರ ಆಟ. ಕತ್ತಲೆಯ ನಡುವೆ ಒಂದು ಗಳಿಗೆ ಒಳನುಗ್ಗಿದ ಬೆಳಕಿನಲ್ಲಿ ವಾದ್ಯ ಎಸೆಯುವ ಕೈ ಪ್ರೇತದ್ದಲ್ಲ, ಕಟ್ಟು ಬಿಚ್ಚಿಕೊಂಡ ಮನುಷ್ಯನದ್ದೇ ಎಂಬುದನ್ನು ಗಡಿಯಾರದವನು ಕಂಡುಬಿಟ್ಟ. ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಆದುದರಿಂದ ಸ್ನೇಹಿತ ಕುಕ್ ಎಂಬವನನ್ನು ಕೂಡಿಕೊಂಡು ಅದೇ ಕಪಾಟನ್ನು ಮಾಡಿಸಿ, ಅದೇ ಆಟವನ್ನು ಪ್ರೇತದ ಹೆಸರೆತ್ತದೆ ಆಡಿ ತೋರಿಸಿದ. ಅಲ್ಲಿಂದ ಆ ಕುಟುಂಬದ ವೃತ್ತಿಯೇ ಬದಲಾಯಿತು. 1873ರಲ್ಲಿ ಲಂಡನ್ನಿನ ಪಿಕಡಿಲಿ ಬೀದಿಯ ಈಜಿಪ್ಷಿಯನ್ ಹಾಲ್ ಎಂಬ ಕಟ್ಟಡದಲ್ಲಿ ಆರಂಭವಾದ ಮಾಸ್ಕೆಲಿನ್ ಮತ್ತು ಕುಕ್ ಅವರ ಪ್ರದರ್ಶನ ಮೂವತ್ತು ವರ್ಷಕ್ಕೂ ಮಿಕ್ಕಿ ನಡೆಯಿತು. ಇಸ್ಪೀಟು ಆಡುವ ಯಂತ್ರದ ಗೊಂಬೆಯೊಂದು ಅಲ್ಲಿನ ದೊಡ್ಡ ಆಕರ್ಷಣೆ. ಈ ಮನೆಯವರಿಗೆ ಯಂತ್ರದ ಹುಚ್ಚು ಎಷ್ಟಿತ್ತೆಂದರೆ ತಂದೆ ಮಗ ಸೇರಿ ಒಂದು ಟೈಪ್‌ರೈಟರನ್ನೂ ತಯಾರಿಸಿದರು; ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಕಾಸು ಹಾಕಿದರೆ ತೆರೆಯುವ ಬೀಗವೂ ತಂದೆಯ ಬುದ್ಧಿಯೇ.

ಆ ಮನೆಯಲ್ಲಿ ಒಂದು ಧರ್ಮವಿತ್ತು. ಕಣ್ಕಟ್ಟು ಮಾಡುವೆನೆಂದು ಹೇಳಿ ಕಣ್ಕಟ್ಟು ಮಾಡುವವನು ಕಲಾವಿದ; ಕಣ್ಕಟ್ಟು ಮಾಡಿ ಅದು ನಿಜವೆನ್ನುವವನು ವಂಚಕ. ಅಂಥವನ ಕಪಾಟಿನ ಬಾಗಿಲು ತೆರೆದು ತೋರಿಸುವುದು ಮಾಸ್ಕೆಲಿನ್ ಮನೆತನಕ್ಕೆ ಬಹುಮಟ್ಟಿಗೆ ಕುಲಕಸುಬಾಯಿತು. ಮುಂದಿನ ಕಥೆಗೆ ಇದು ಬೇಕಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಿದೆ.

ಮಗ ನೆವಿಲ್ ವೇದಿಕೆಯಲ್ಲಿ ತಂದೆಯಷ್ಟೇ ನುರಿತವನಾದರೂ ಅವನ ಮನಸ್ಸು ಇದ್ದದ್ದು ವಿದ್ಯುತ್ತಿನಲ್ಲಿ, ಕ್ಯಾಮರಾದಲ್ಲಿ. 1898ರ ಜನವರಿ 22ರಂದು ಭಾರತದಲ್ಲಿ ಪೂರ್ಣ ಸೂರ್ಯಗ್ರಹಣವಿತ್ತು. ಬ್ರಿಟಿಷ್ ಖಗೋಳ ಸಂಘದ ತಂಡದೊಂದಿಗೆ ಆತ ಬಿಹಾರದ ಬಕ್ಸರ್‌ಗೆ ಬಂದ. ನಮ್ಮ ಮಕ್ಕಳು 1764ರ ಯುದ್ಧಕ್ಕಾಗಿ ಬಾಯಿಪಾಠ ಮಾಡುವ ಬಕ್ಸರ್ ಅದೇ. ಗ್ರಹಣವನ್ನು ಫಿಲ್ಮಿನಲ್ಲಿ ಹಿಡಿದದ್ದೂ ಆಯಿತು. ಆದರೆ ಊರಿಗೆ ಮರಳುವ ದಾರಿಯಲ್ಲಿ ಆ ಫಿಲ್ಮಿನ ಡಬ್ಬಿಯನ್ನು ಯಾರೋ ಕದ್ದರು. ಪಟ್ಟು ಬಿಡದೆ 1900ರ ಮೇ 28ರ ಗ್ರಹಣಕ್ಕೆ ಅಮೇರಿಕದ ಉತ್ತರ ಕೆರೊಲಿನಾಕ್ಕೆ ಹೋಗಿ ಮತ್ತೊಮ್ಮೆ ತೆಗೆದ. ಈಗ ಉಳಿದಿರುವುದು ಅದು.

ನಿಸ್ತಂತು ತಂತಿಯ ಗೀಳು ಹತ್ತಿದ್ದೂ ಈ ವರ್ಷಗಳಲ್ಲಿಯೇ. ತಂತಿಯಿಲ್ಲದೆ ಸಂದೇಶ ಕಳುಹಿಸುವ ವಿದ್ಯೆ ಆಗ ಹೊಚ್ಚ ಹೊಸದು. ಕಲ್ಕತ್ತೆಯಲ್ಲಿ 1895ರಲ್ಲಿ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ಕಾಣದ ಅಲೆಗಳನ್ನು ಕಳುಹಿಸಿ ಗಂಟೆ ಬಾರಿಸಿ, ಸಿಡಿಮದ್ದು ಸಿಡಿಸಿ ತೋರಿಸಿದ್ದರು. ಮರುವರ್ಷ ಇಟಲಿಯ ಗುಗ್ಲಿಯೆಲ್ಮೊ ಮಾರ್ಕೋನಿ ತನ್ನ ಪೆಟ್ಟಿಗೆಯೊಂದಿಗೆ ಇಂಗ್ಲೆಂಡಿಗೆ ಬಂದಿಳಿದ. ಬೋಸರು ಪೇಟೆಂಟಿನ ಹಂಬಲವಿಲ್ಲದ ಆಚಾರ್ಯರು. ಮಾರ್ಕೋನಿಯಾದರೋ ಇಪ್ಪತ್ತೆರಡರ ತರುಣ, ವ್ಯವಹಾರ ಚತುರ. ಮಾಸ್ಕೆಲಿನ್ ಇಬ್ಬರ ನಡುವಿನವನು. ವೇದಿಕೆಯ ಮೇಲೆ ಇನ್ನೊಬ್ಬರ ಮನಸ್ಸನ್ನು ಓದುವ ಆಟಕ್ಕೆ ಗುಟ್ಟಿನ ಸಂಕೇತ ರವಾನಿಸಲು, ದೂರದಿಂದ ಮದ್ದು ಸಿಡಿಸಲು ನಿಸ್ತಂತುವನ್ನು ಬಳಸಿದ. 1900ರ ಹೊತ್ತಿಗೆ ಹತ್ತು ಮೈಲಿ ದೂರದ ಬಲೂನಿಗೆ ನೆಲದಿಂದ ಸಂದೇಶ ಮುಟ್ಟಿಸುವಷ್ಟು ಮುಂದುವರಿದಿದ್ದ. ಆದರೆ ಮುಂದೆ ಹೆಜ್ಜೆಯಿಟ್ಟರೆ ಎಲ್ಲಿ ನೋಡಿದರೂ ಮಾರ್ಕೋನಿಯ ಪೇಟೆಂಟಿನ ಬೇಲಿ. ಈ ಬೇಲಿಯ ಮೇಲಿನ ಸಿಟ್ಟು ಅವನ ಮುಂದಿನ ನಡೆಗೆ ಒಂದು ಕಾರಣ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಈಗ ನಿಸ್ತಂತುವಿನ ಒಂದು ತೊಡಕನ್ನು ತಿಳಿಯಬೇಕು. ತಂತಿಯಲ್ಲಿ ಹೋಗುವ ಸುದ್ದಿ ಓಣಿಯಲ್ಲಿ ನಡೆದುಹೋಗುವ ಮನುಷ್ಯನಂತೆ. ಓಣಿಯೊಳಗೆ ಇಳಿಯದೆ ಅವನನ್ನು ತಡೆಯಲಾಗದು. ಗಾಳಿಯಲ್ಲಿ ಹೋಗುವ ಸುದ್ದಿ ಬಯಲಾಟದ ಚೆಂಡೆಯಂತೆ. ಆಟ ನಮ್ಮ ಗದ್ದೆಯಲ್ಲಿ. ಚೆಂಡೆಯ ಸದ್ದು ಮೂರೂರಿಗೆ. ಕರೆಯದವನೂ ಮನೆಯ ಜಗಲಿಯಲ್ಲಿ ಕುಳಿತು ಯಾವ ಪ್ರಸಂಗ, ಯಾವ ವೇಷ ಬಂತು ಎಂದು ಹೇಳಬಲ್ಲ. ಹಡಗಿನ ಕಂಪೆನಿಗಳೂ ನೌಕಾದಳವೂ ಮಾರ್ಕೋನಿಯ ಗಿರಾಕಿಗಳಾಗಿದ್ದುದರಿಂದ ಗುಟ್ಟು ಹೊರಬೀಳುತ್ತದೆಯೇ ಎಂಬ ಪ್ರಶ್ನೆ ಸಣ್ಣದಾಗಿರಲಿಲ್ಲ. ಅದಕ್ಕೆ ಮಾರ್ಕೋನಿ ಕೊಟ್ಟ ಉತ್ತರ ಶ್ರುತಿ. ಕಳುಹಿಸುವ ಯಂತ್ರವನ್ನೂ ಪಡೆಯುವ ಯಂತ್ರವನ್ನೂ ಒಂದೇ ಶ್ರುತಿಗೆ ಹೊಂದಿಸಿದರೆ ಬೇರೆ ಶ್ರುತಿಯ ಯಂತ್ರಕ್ಕೆ ಅದು ಕೇಳಿಸದು ಎಂಬುದು ಅವನ ವಾದ. 1900ರಲ್ಲಿ ಇದಕ್ಕೆ ಅವನು ಪಡೆದ 7777ನೇ ನಂಬರಿನ ಪೇಟೆಂಟು ನಾಲ್ಕು ಏಳುಗಳ ಪೇಟೆಂಟೆಂದೇ ಹೆಸರಾಯಿತು. 1903ರ ಫೆಬ್ರವರಿಯಲ್ಲಿ ಪತ್ರಿಕೆಯೊಂದಕ್ಕೆ ಅವನು ಕೊಟ್ಟ ಭರವಸೆಯೂ ಇದೇ: ತನ್ನ ಯಂತ್ರಗಳೊಂದಿಗೆ ಶ್ರುತಿ ಸೇರದ ಯಾವ ಯಂತ್ರವೂ ತನ್ನ ಸಂದೇಶವನ್ನು ಕದಿಯಲಾರದು.

ತತ್ತ್ವ ಸುಳ್ಳಲ್ಲ. ಇಂದು ನಾವು ರೇಡಿಯೋದಲ್ಲಿ ಮಂಗಳೂರನ್ನೋ ಕಣ್ಣೂರನ್ನೋ ಬೇರೆ ಬೇರೆಯಾಗಿ ಹಿಡಿಯುವುದು ಅದೇ ತತ್ತ್ವದಿಂದ. ಆದರೆ ಶ್ರುತಿ ಹೊಂದಿಸುವುದು ಬೇರೆ, ಬೀಗ ಹಾಕುವುದು ಬೇರೆ. ನಿಮ್ಮ ಶ್ರುತಿ ಯಾವುದೆಂದು ಹುಡುಕಿಕೊಂಡವನು ತನ್ನ ತಂತಿಯನ್ನೂ ಅಲ್ಲಿಗೇ ತರುತ್ತಾನೆ. ಅದೂ ಅಲ್ಲದೆ ಆ ಕಾಲದ ಯಂತ್ರಗಳು ಕಿಡಿ ಹಾರಿಸಿ ಅಲೆ ಎಬ್ಬಿಸುವಂಥವು. ದೇವಸ್ಥಾನದ ಉತ್ಸವದಲ್ಲಿ ಗರ್ನಾಲು ಸಿಡಿದರೆ ಹತ್ತಿರದ ವೀಣೆಯ ತಂತಿಗಳೆಲ್ಲ ಒಟ್ಟಿಗೆ ನಡುಗುತ್ತವಲ್ಲವೇ? ಮಗ್ಗುಲಲ್ಲಿ ಹಾರಿದ ಬಲವಾದ ಕಿಡಿಗೆ ಯಾವ ಶ್ರುತಿಯ ಯಂತ್ರವೂ ಓಗೊಡುತ್ತಿತ್ತು.

1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡ್ಯೂ ಎಂಬಲ್ಲಿಂದ ಹೊರಟ ಸಂಕೇತ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿಸಿತೆಂದು ಮಾರ್ಕೋನಿ ಸಾರಿದಾಗ ಅತಿ ಹೆಚ್ಚು ಬೆದರಿದವರು ಸಮುದ್ರದಡಿ ತಂತಿ ಹಾಕಿದ ಕಂಪೆನಿಗಳವರು. ಅವುಗಳಲ್ಲಿ ಹಿರಿದಾದ ಈಸ್ಟರ್ನ್ ಟೆಲಿಗ್ರಾಫ್ ಕಂಪೆನಿಯ ತಂತಿಗಳು ಕಾರ್ನ್‌ವಾಲ್ ಕರಾವಳಿಯ ಪೋರ್ತ್‌ಕರ್ನೋ ಎಂಬ ಸಣ್ಣ ಕೊಲ್ಲಿಯಲ್ಲಿ ಸಮುದ್ರಕ್ಕಿಳಿಯುತ್ತಿದ್ದವು. 1870ರಿಂದ ಬೊಂಬಾಯಿಗೂ ಲಂಡನ್ನಿಗೂ ನಡುವಿನ ತಂತಿ ಸುದ್ದಿ ಆ ದಾರಿಯಾಗಿಯೇ ಓಡಾಡುತ್ತಿತ್ತು. ಲಕ್ಷಾಂತರ ಪೌಂಡ್ ಸಮುದ್ರದಡಿ ಹೂತವರಿಗೆ, ತಂತಿಯೇ ಬೇಡ ಎನ್ನುವವನೊಬ್ಬ ಬಂದರೆ ನಿದ್ದೆ ಹೇಗೆ ಬಂದೀತು? ಅವರು ಮಾಸ್ಕೆಲಿನ್‌ನನ್ನು ಕೂಲಿಗೆ ಹಿಡಿದರು. ಪೋಲ್ಡ್ಯೂ ಅಲ್ಲಿಂದ ಸುಮಾರು ಇಪ್ಪತ್ತೆಂಟು ಕಿಲೋಮೀಟರು ಮಾತ್ರ. ಪೋರ್ತ್‌ಕರ್ನೋದ ಬಂಡೆಗಳ ಮೇಲೆ ಐವತ್ತು ಮೀಟರಿನ ಕಂಬ ನಿಲ್ಲಿಸಿ ಆತ ಕಿವಿಗೊಟ್ಟು ಕುಳಿತ. ಹೆಚ್ಚು ಕಾಯಬೇಕಾಗಲಿಲ್ಲ. 1902ರಲ್ಲಿ ಇಟಲಿಯ ಕಾರ್ಲೊ ಆಲ್ಬೆರ್ಟೊ ಎಂಬ ಯುದ್ಧನೌಕೆಗೆ ಪೋಲ್ಡ್ಯೂವಿನಿಂದ ಹೋಗುತ್ತಿದ್ದ ಸಂದೇಶಗಳು ಒಂದೊಂದಾಗಿ ಅವನ ಕಾಗದದ ಪಟ್ಟಿಯಲ್ಲಿ ಮೂಡಿದವು. ಆ ವರ್ಷದ ನವೆಂಬರ್ 7ರಂದು ಎಲೆಕ್ಟ್ರಿಷಿಯನ್ ಎಂಬ ಪತ್ರಿಕೆಯಲ್ಲಿ ಎಲ್ಲವನ್ನೂ ಪ್ರಕಟಿಸಿದ.

ಮಾರ್ಕೋನಿಯ ಕಡೆಯವರು ಜಗ್ಗಲಿಲ್ಲ. ಮಾಮೂಲು ಸಂದೇಶ ಹಿಡಿದ ಮಾತ್ರಕ್ಕೆ ಶ್ರುತಿಯ ವ್ಯವಸ್ಥೆ ಸೋತಂತಲ್ಲ ಎಂಬ ಧೋರಣೆ ಅವರದು. ಹಾಗಾದರೆ ಶ್ರುತಿಯ ವ್ಯವಸ್ಥೆಯನ್ನು ಹತ್ತು ಜನರ ಮುಂದೆ ಪರೀಕ್ಷಿಸಲು ಬಿಡುತ್ತೀರಾ ಎಂದರೆ ಅದಕ್ಕೂ ಅವಕಾಶವಿಲ್ಲ. ಕಪಾಟಿನ ಬಾಗಿಲು ಮುಚ್ಚಿಯೇ ಇತ್ತು. ಗಡಿಯಾರದವನ ಮಗ ಬೆಳಕು ಒಳನುಗ್ಗುವ ಗಳಿಗೆಗೆ ಕಾದ.

ಆ ಗಳಿಗೆ 1903ರ ಜೂನ್ 4ರಂದು ಬಂತು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂದರೆ ಫ್ಯಾರಡೆ ದುಡಿದ ಮನೆ. ನಮ್ಮ ಬೋಸರು 1897ರಲ್ಲಿ ಉಪನ್ಯಾಸ ಮಾಡಿದ್ದೂ ಅಲ್ಲಿಯೇ. ಅಂದು ಉಪನ್ಯಾಸಕರು ಪ್ರೊಫೆಸರ್ ಜಾನ್ ಆಂಬ್ರೋಸ್ ಫ್ಲೆಮಿಂಗ್. ವಿದ್ಯುತ್ ಇಂಜಿನಿಯರಿಂಗಿನ ಘನ ವಿದ್ವಾಂಸರು, ಮಾರ್ಕೋನಿ ಕಂಪೆನಿಯ ಸಂಬಳದ ಸಲಹೆಗಾರರೂ ಹೌದು. ಸುಮಾರು ಮುನ್ನೂರು ಮೈಲಿ ದೂರದ ಪೋಲ್ಡ್ಯೂವಿನಲ್ಲಿ ಮಾರ್ಕೋನಿ ಕುಳಿತಿದ್ದಾನೆ. ಉಪನ್ಯಾಸದ ಕೊನೆಗೆ ಅಲ್ಲಿಂದ ಬರುವ ಸಂದೇಶವನ್ನು ಸಭೆಯ ಎದುರಲ್ಲೇ ಯಂತ್ರ ಪಟ್ಟಿಯ ಮೇಲೆ ಬರೆಯಬೇಕು.

ಫ್ಲೆಮಿಂಗ್ ಮಾತಾಡುತ್ತಿದ್ದಂತೆ ಮಾಯಾದೀಪದ ಹಿತ್ತಾಳೆಯ ಭಾಗದಿಂದ ಟಿಕ್ ಟಿಕ್ ಎಂಬ ಸದ್ದು ಬರತೊಡಗಿತು. ಸಭಿಕರಿಗೆ ದೀಪವೇ ಸದ್ದು ಮಾಡುತ್ತಿದೆಯೆಂದು ತೋರಿತು. ಪ್ರೊಫೆಸರರಿಗೆ ಕಿವಿ ಮಂದ. ಅವರಿಗೆ ಗೊತ್ತೇ ಆಗಲಿಲ್ಲ. ಯಂತ್ರದ ಬಳಿ ನಿಂತಿದ್ದ ಸಹಾಯಕ ಆರ್ಥರ್ ಬ್ಲೋಕ್ ಮಾತ್ರ ಬೆವರಿದ. ಮೋರ್ಸ್ ಸಂಕೇತ ಬಲ್ಲವನಾದ ಅವನಿಗೆ ಆ ಸದ್ದಿನಲ್ಲಿ ಅಕ್ಷರಗಳು ಕೇಳಿಸುತ್ತಿದ್ದವು. ಯಾರೋ ಎಲ್ಲಿಂದಲೋ ಇಲಿಗಳು ಎಂಬ ಅರ್ಥದ ಇಂಗ್ಲಿಷ್ ಪದವೊಂದನ್ನು ಮತ್ತೆ ಮತ್ತೆ ಕಳುಹಿಸುತ್ತಿದ್ದಾರೆ! ಆ ನಾಡಿನಲ್ಲಿ ಅದು ಬೊಗಳೆ ಎನ್ನುವಂಥ ಬೈಗುಳ. ಅಷ್ಟರಲ್ಲಿ ಬರೆಯುವ ಯಂತ್ರದ ಪಟ್ಟಿಯಲ್ಲೂ ಅದೇ ಮೂಡಿತು. ಹಿಂದೆಯೇ ಇಟಲಿಯ ತರುಣನೊಬ್ಬ ಜನರಿಗೆ ಸೊಗಸಾಗಿ ಟೋಪಿ ಹಾಕುತ್ತಾನೆಂಬ ಅರ್ಥದ ಕುಚೋದ್ಯದ ಪದ್ಯ, ಮತ್ತೆ ಷೇಕ್ಸ್‌ಪಿಯರನ ನಾಟಕಗಳ ಮಾತುಗಳು. ಮಾರ್ಕೋನಿಯ ಸಂದೇಶದ ಹೊತ್ತಿಗೆ ಸರಿಯಾಗಿ ಈ ಉಪಟಳ ನಿಂತಿತು. ಪೋಲ್ಡ್ಯೂವಿನ ಸಂದೇಶ ಬಂತು, ಸಭೆ ಚಪ್ಪಾಳೆ ತಟ್ಟಿ ಮನೆಗೆ ಹೋಯಿತು. ಒಳಗೆ ಏನು ನಡೆಯಿತೆಂದು ಹೆಚ್ಚಿನವರಿಗೆ ತಿಳಿಯಲೇ ಇಲ್ಲ.

ಅಲ್ಲಿಂದ ಕೂಗಳತೆಯಲ್ಲಿರುವ ಈಜಿಪ್ಷಿಯನ್ ಹಾಲಿನಲ್ಲಿ ಮಾಸ್ಕೆಲಿನ್ ತನ್ನ ಕಿಡಿಯಂತ್ರವನ್ನು ಹೂಡಿದ್ದ. ಅದಕ್ಕೆ ವಿಶೇಷ ಶ್ರುತಿಯೇನೂ ಇರಲಿಲ್ಲ. ಇಲ್ಲದಿರುವುದೇ ಅದರ ವಿಶೇಷ. ಸಭೆಯನ್ನು ಪೂರ್ತಿ ಕೆಡಿಸುವ ಬಲ ತನ್ನಲ್ಲಿದ್ದರೂ ಹಾಗೆ ಮಾಡಲಿಲ್ಲವೆಂದು ಆತ ಆಮೇಲೆ ಹೇಳಿಕೊಂಡ. ಮಾರ್ಕೋನಿಯ ಪಾಲಿನ ಹೊತ್ತಿಗೆ ಯಂತ್ರ ನಿಲ್ಲಿಸಿದ್ದನ್ನು ನೋಡಿದರೆ ಈ ಮಾತನ್ನು ನಂಬಬಹುದು.

ಫ್ಲೆಮಿಂಗರು ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಅವರು ಸಿಟ್ಟಿನಲ್ಲಿ ಟೈಮ್ಸ್ ಪತ್ರಿಕೆಗೆ ಬರೆದರು. ಜೂನ್ 11ರಂದು ಅಚ್ಚಾದ ಆ ಪತ್ರದಲ್ಲಿ ನಡೆದದ್ದನ್ನು ವಿಜ್ಞಾನದ ಪುಂಡಾಟಿಕೆ ಎಂದು ಹಳಿದು, ಫ್ಯಾರಡೆಯ ಹೆಸರಿನ ವೇದಿಕೆಗೆ ಅಪಚಾರವಾಯಿತೆಂದು ಕೊರಗಿ, ಅಪರಾಧಿಯನ್ನು ಹಿಡಿದುಕೊಡಲು ಓದುಗರ ನೆರವನ್ನೇ ಬೇಡಿದರು. ಎರಡು ದಿನಕ್ಕೆ ಅದೇ ಪತ್ರಿಕೆಯಲ್ಲಿ ಮಾಸ್ಕೆಲಿನ್‌ನ ಉತ್ತರ ಬಂತು. ತಾನೇ ಮಾಡಿದ್ದೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದ. ಹೊರಗಿನ ಅಲೆ ಒಳಗೆ ಬಾರದೆಂದು ಸಾರ್ವಜನಿಕರಿಗೆ ಹೇಳಿದ ಮೇಲೆ ಅದನ್ನು ಸಾರ್ವಜನಿಕವಾಗಿಯೇ ಪರೀಕ್ಷಿಸುವುದು ತಪ್ಪಲ್ಲ, ಬೇರೆ ದಾರಿಯನ್ನು ತನಗೆ ಬಿಟ್ಟಿರಲಿಲ್ಲ ಎಂಬುದು ಅವನ ವಾದದ ಸಾರ. ಪತ್ರಗಳ ಮೇಲೆ ಪತ್ರ ಬಂದವು. ಪತ್ರಿಕೆಯ ಪುಟದಲ್ಲಿ ನಡೆದ ಈ ಜಗಳಕ್ಕೆ ಮಾರ್ಕೋನಿ ಇಳಿಯಲಿಲ್ಲ. ಸಭೆಯಲ್ಲಿ ನಡೆದದ್ದನ್ನು ಅರಿಯದೆ ಮನೆಗೆ ಹೋದವರಿಗೂ ಈಗ ಎಲ್ಲ ಗೊತ್ತಾಯಿತು. ಗೊತ್ತುಪಡಿಸಿದವರು ಫ್ಲೆಮಿಂಗರೇ.

ಯಾರದು ಸರಿ? ಹತ್ತನೇ ತರಗತಿಯ ಮಕ್ಕಳ ಮುಂದೆ ನಾನೊಮ್ಮೆ ಈ ಪ್ರಶ್ನೆಯಿಟ್ಟೆ. ತರಗತಿ ಎರಡು ಪಾಲಾಯಿತು. ಸಭೆಗೆ ನುಗ್ಗಿದವನು ಕಳ್ಳನೇ ಎಂದು ಕೆಲವರು. ಬೀಗ ಭದ್ರವಿಲ್ಲವೆಂದು ತೋರಿಸಿದವನು ಉಪಕಾರಿ ಎಂದು ಉಳಿದವರು. ಕಂಪೆನಿಯ ಹಣ ಪಡೆದಿದ್ದನಲ್ಲ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಾಗ ಎರಡು ಪಾಳಯವೂ ತಣ್ಣಗಾಯಿತು. ನಿಜ, ಮಾಸ್ಕೆಲಿನ್ ಶುದ್ಧ ಸತ್ಯಶೋಧಕನಲ್ಲ. ಪ್ರತಿಸ್ಪರ್ಧಿಯ ಸಂಬಳ ಉಂಡವನು. ತನ್ನ ದಾರಿಗೆ ಬೇಲಿ ಹಾಕಿದವನ ಮೇಲೆ ಹಗೆ ಸಾಧಿಸಿದವನು. ಸಾಲದ್ದಕ್ಕೆ ಪದ್ಯ ಕಟ್ಟಿ ಮಾರ್ಕೋನಿಯನ್ನು ವಂಚಕನೆಂದದ್ದು ಅನ್ಯಾಯ. ಮಾರ್ಕೋನಿಯ ವಿದ್ಯೆ ಡೆವನ್‌ಪೋರ್ಟರ ಪ್ರೇತವಾಗಿರಲಿಲ್ಲ. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಎಳುನೂರಕ್ಕೂ ಮಿಕ್ಕಿ ಜನ ಬದುಕಿ ಉಳಿದದ್ದು ಅವನ ಯಂತ್ರದ ಕರೆಗೆ ಇನ್ನೊಂದು ಹಡಗು ಓಗೊಟ್ಟದ್ದರಿಂದ. ಆದರೆ ಗುಟ್ಟು ಹೊರಬೀಳದೆಂಬ ಆ ಒಂದು ಮಾತು ಮಾತ್ರ ಸುಳ್ಳು, ಅದನ್ನು ನಂಬಿ ಸಂದೇಶ ಕಳುಹಿಸುವವರಿಗೆ ಅದು ಸುಳ್ಳೆಂದು ತಿಳಿಯುವ ಹಕ್ಕಿತ್ತು. ಹೇಳಿದವನ ಕೈ ಮಾಸಿದ್ದರೂ ಹೇಳಿದ್ದು ನಿಜವಾಗಿರಬಹುದು ಎಂದಷ್ಟೇ ನಾನು ಮಕ್ಕಳಿಗೆ ಹೇಳಿದೆ. ಹುಡುಗಿಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ.

ಗುಟ್ಟಿನ ಮಾತು ಬಂದಾಗ ನನಗೆ ನೆನಪಾಗುವುದು ಬಾಲ್ಯದ ಟೆಲಿಗ್ರಾಂ. ಅಜ್ಜನ ಸಾವಿನ ತಂತಿ ನಮ್ಮ ಮನೆಗೆ ಬರುವ ಮೊದಲೇ ಚಾದಂಗಡಿಯಲ್ಲಿ ಸುದ್ದಿಯಾಗಿತ್ತು. ಅಮ್ಮ ಅಂಗಳ ಗುಡಿಸುತ್ತಿದ್ದಾಗ ನೆರೆಯವರು ಸಮಾಧಾನ ಹೇಳಲು ಬಂದುಬಿಟ್ಟರು. ಯಾತಕ್ಕೆ ಎಂದು ಅಮ್ಮನಿಗೆ ಗೊತ್ತಿಲ್ಲ. ತಂತಿಯ ಕಾಗದ ಬಂದದ್ದು ಆಮೇಲೆ. ಕೇಳಿಸಿಕೊಂಡವರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಆದರೂ ಆ ಹೊತ್ತು ಅಮ್ಮನ ಮುಖ ಹೇಗಿತ್ತೆಂಬುದು ನನಗೆ ಮರೆತಿಲ್ಲ. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆಯೇ ನಿಂತಿತು.

1904ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಲೈಸೆನ್ಸ್ ಇಲ್ಲದೆ ನಿಸ್ತಂತು ಯಂತ್ರ ಇಡಬಾರದೆಂದು ಕಾನೂನು ಮಾಡಿತು. ರೇಡಿಯೋ ಲೈಸೆನ್ಸಿನ ಪುಸ್ತಕ ಹಿಡಿದು ಅಂಚೆ ಕಚೇರಿಗೆ ಹೋಗುತ್ತಿದ್ದುದು ನಮ್ಮ ಹಿರಿಯರಿಗೆ ನೆನಪಿರಬಹುದು. ಆ ಬಗೆಯ ಲೈಸೆನ್ಸಿನ ಬೇರು ಅಂಥ ಕಾನೂನುಗಳಲ್ಲಿದೆ. ಕಾನೂನು ಬಂದ ಮಾತ್ರಕ್ಕೆ ಗಾಳಿಗೆ ಗೋಡೆ ಏಳಲಿಲ್ಲ. ಗುಟ್ಟನ್ನು ಅಲೆಯಲ್ಲಿ ಅಡಗಿಸಲಾಗದು, ಬರಹದಲ್ಲೇ ಅಡಗಿಸಬೇಕು ಎಂಬುದನ್ನು ಸೈನ್ಯಗಳು ಮೊದಲ ಮಹಾಯುದ್ಧದಲ್ಲಿ ಪೆಟ್ಟು ತಿಂದು ಕಲಿತವು. ಈಗ ನಮ್ಮ ಮೊಬೈಲಿನಲ್ಲಿ ಬ್ಯಾಂಕಿನ ವ್ಯವಹಾರ ನಡೆಯುವುದು ಗೂಢಲಿಪಿಯ ಬಲದಿಂದಲೇ. ಅರ್ಧ ಶತಮಾನದ ಮೇಲೆ ಅಮೇರಿಕದಲ್ಲಿ ಹುಟ್ಟುಕುರುಡನಾದ ಬಾಲಕನೊಬ್ಬ ಬಾಯಿಯ ಸಿಳ್ಳೆಯಿಂದಲೇ ಟೆಲಿಫೋನಿನ ದೂರದ ಕರೆಗಳನ್ನು ಆಳುವ ಶ್ರುತಿಯನ್ನು ಕಂಡುಹಿಡಿದ. ಆ ಕಥೆಯೇ ಬೇರೆ, ಇನ್ನೊಮ್ಮೆ ಹೇಳಿಯೇನು.

ಮಾಸ್ಕೆಲಿನ್ ಮರಳಿ ತನ್ನ ರಂಗಕ್ಕೆ ಹೋದ. 1905ರಲ್ಲಿ ಈಜಿಪ್ಷಿಯನ್ ಹಾಲನ್ನು ಕೆಡವಿದರು. ಪ್ರದರ್ಶನ ಸೇಂಟ್ ಜಾರ್ಜಸ್ ಹಾಲಿಗೆ ಬದಲಾಯಿತು. ಮರುವರ್ಷ ಲಂಡನ್ನಿನ ಜಾದೂಗಾರರ ಸಂಘವಾದ ಮ್ಯಾಜಿಕ್ ಸರ್ಕಲ್ಲಿನ ಅಧ್ಯಕ್ಷನಾಗಿ ಕೊನೆಯವರೆಗೂ ಆ ಸ್ಥಾನದಲ್ಲಿದ್ದ. ಗುಟ್ಟು ಬಿಟ್ಟುಕೊಡಬಾರದೆಂಬುದು ಆ ಸಂಘದ ಮೊದಲ ನಿಯಮ ಎಂಬುದು ತಮಾಷೆಯ ವಿಷಯ. 1911ರಲ್ಲಿ ಡೇವಿಡ್ ಡೆವಾಂಟ್ ಜತೆಗೂಡಿ ಜಾದೂವಿನ ಶಾಸ್ತ್ರವನ್ನು ವಿವರಿಸುವ ದೊಡ್ಡ ಗ್ರಂಥ ಬರೆದ; ಆ ವೃತ್ತಿಯವರು ಅದನ್ನು ಇಂದಿಗೂ ಓದುತ್ತಾರೆ. 1917ರಲ್ಲಿ ತಂದೆ ತೀರಿಕೊಂಡ. 1924ರಲ್ಲಿ ನೆವಿಲ್ ಕಣ್ಮುಚ್ಚಿದ.

ಅವನು ಸತ್ತು ಐದು ವರ್ಷಕ್ಕೆ, 1929ರಲ್ಲಿ, ಸಮುದ್ರದಡಿಯ ತಂತಿಯ ಕಂಪೆನಿಗಳೂ ಮಾರ್ಕೋನಿಯ ನಿಸ್ತಂತು ವ್ಯವಹಾರವೂ ಒಂದೇ ಸಂಸ್ಥೆಯಾಗಿ ಕೂಡಿಕೊಂಡವು. ಬೇಹು ನಡೆಸಿದವರೂ ಬೇಹಿಗೆ ಗುರಿಯಾದವರೂ ಒಂದೇ ಲೆಕ್ಕಪುಸ್ತಕದೊಳಗೆ ಸೇರಿದರು.

ಉತ್ತರ ಕೆರೊಲಿನಾದ ಗ್ರಹಣದ ಫಿಲ್ಮು ಮಾತ್ರ ಲಂಡನ್ನಿನ ರಾಯಲ್ ಖಗೋಳ ಸಂಘದ ಸಂಗ್ರಹದಲ್ಲಿ ನೂರಕ್ಕೂ ಮಿಕ್ಕಿ ವರ್ಷ ಮಲಗಿತ್ತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನವರು ಅದನ್ನು ಒಂದೊಂದೇ ಚೌಕಟ್ಟಾಗಿ ಸರಿಪಡಿಸಿ 2019ರ ಮೇ ತಿಂಗಳಲ್ಲಿ ಜನರ ಮುಂದಿಟ್ಟರು, ನಮ್ಮೂರಿನಲ್ಲಿ ಸೂರ್ಯ ಬಳೆಯಾಗುವುದಕ್ಕೆ ಏಳು ತಿಂಗಳು ಮೊದಲು. ಸುಮಾರು ಒಂದು ನಿಮಿಷದ ಚಿತ್ರ. ಮಕ್ಕಳಿಗೆ ಅದನ್ನು ಶಾಲೆಯ ಕಂಪ್ಯೂಟರಿನಲ್ಲಿ ತೋರಿಸಿದೆ. ಬಕ್ಸರ್‌ನಲ್ಲಿ ತೆಗೆದದ್ದು ಎಲ್ಲಿ ಎಂದು ಅವರು ಕೇಳಿದರು. ಆ ಡಬ್ಬಿ ಇಂದಿಗೂ ಸಿಕ್ಕಿಲ್ಲ.